ಜಲವಿದ್ಯುತ್ತಿನ ಅಪ್ಪಣೆಯೂ ಕನ್ನಡಿಗರ ಕರ್ತವ್ಯವೂ

(ಅರಕಲಗೂಡಿನಲ್ಲಿ ನೆರೆದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಎರಡು ಮಹಾನದಿಗಳ ನಡುವೆ ನೆಲೆಸಿದವರು ನೀವು. ತೆಂಕಣಕ್ಕೆ ಕೊಡಗಿನಿಂದ ಇಳಿದುಬಂದ ಕಾವೇರಿ, ಬಡಗಣಕ್ಕೆ ಮಲೆನಾಡಿನ ಜಾವಳಿಯಲ್ಲಿ ಹುಟ್ಟಿಬಂದ ಹೇಮಾವತಿ. ರಾಮನಾಥಪುರದ ಮಡುವಿನಲ್ಲಿ ಮೀನುಗಳಿಗೆ ಅಕ್ಕಿಯನ್ನೆರಚಿ ಕೈಮುಗಿಯುವ ಜನರ ಮುಂದೆ ನಿಂತು ಹೊಳೆಯ ಮಹಿಮೆಯನ್ನು ಹೇಳಹೊರಡುವುದು ಮೀನಿಗೆ ಈಜು ಕಲಿಸಿದಂತಾದೀತು. ಆದುದರಿಂದ ನಾವು ಮಹಿಮೆಯನ್ನು ಹೇಳುವುದಿಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಅದರ ನೀರಿನಿಂದ ವಿದ್ಯುತ್ತನ್ನು ತೆಗೆಯಬೇಕಾದರೆ ಅದಕ್ಕೆ ಅಪ್ಪಣೆ ಕೊಡತಕ್ಕವರು ಯಾರು, ಆ ಅಪ್ಪಣೆಗೆ ಮುಂಚೆ ಯಾರ ಮಾತನ್ನು ಕೇಳತಕ್ಕದ್ದು, ಯಾವ ಭಾಷೆಯಲ್ಲಿ ಕೇಳತಕ್ಕದ್ದು, ಇಷ್ಟನ್ನೇ ಈ ದಿನ ನಿಮ್ಮಲ್ಲಿ ನಿವೇದಿಸಿಕೊಳ್ಳುತ್ತೇವೆ.

ನಮ್ಮ ಜಿಲ್ಲೆಯ ಬಿಸಿಲೆಯ ಹತ್ತಿರ ಬೆಟ್ಟದ ನೆತ್ತಿಯ ಮೇಲೆ ಒಂದು ಕಲ್ಲು ನಿಂತಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳಕೊಲ್ಲಿಗೂ, ಮತ್ತೊಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೂ ಹೋಗುವುದೆಂದು ಅದು ತೋರಿಸುತ್ತದೆ. ಮೂಡಲಿಗೆ ಇಳಿದ ನೀರು ನಿಮ್ಮ ಗದ್ದೆಗಳನ್ನು ಕಂಡು ಹೋಗುತ್ತದೆ. ಪಡುವಲಿಗೆ ಇಳಿದ ನೀರು ಗುಂಡ್ಯದ ಹೊಳೆಯಾಗಿ, ಕುಮಾರಧಾರೆಯನ್ನು ಕೂಡಿ, ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲನ್ನು ಸೇರುತ್ತದೆ. 1956ನೆಯ ಇಸವಿಯ ನವೆಂಬರ್ 1ನೆಯ ತಾರೀಖಿನ ವರೆಗೆ ಈ ಘಟ್ಟಸಾಲಿನ ಮೇಲೆ ಸರಕಾರಗಳ ಗಡಿಯೂ ಹಾದುಹೋಗಿತ್ತು. ಇತ್ತ ಮೈಸೂರು, ಅತ್ತ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ತೆಂಕಲಿಗೆ ಬೇರೆಯೇ ಆಡಳಿತದ ಕೊಡಗು. ಒಂದೇ ಬೆಟ್ಟದ ಮೂರು ತಪ್ಪಲುಗಳು ಮೂರು ಕಚೇರಿಗಳಿಗೆ ಸೇರಿದ್ದುವು. ಗಡಿ ಅಳಿಯಿತು, ನಾಡು ಒಂದಾಯಿತು. ಆದರೆ ಹೊಳೆಯನ್ನು ತುಂಡು ತುಂಡಾಗಿ ನೋಡುವ ಅಭ್ಯಾಸ ಅಳಿಯಿತೇ? ನಾವು ಕೇಳುವ ಪ್ರಶ್ನೆ ಇದು.

ಮೊದಲು ಅಪ್ಪಣೆಯ ವ್ಯವಸ್ಥೆ ಹೇಗಿದೆಯೆಂಬುದನ್ನು ತಿಳಿಯೋಣ. ನಮ್ಮ ಸಂವಿಧಾನದ ಪ್ರಕಾರ ನೀರು ರಾಜ್ಯದ ವಿಷಯ. ಅನೇಕ ರಾಜ್ಯಗಳಲ್ಲಿ ಹರಿಯುವ ನದಿಯ ನಿಯಂತ್ರಣವು ಸಂಸತ್ತು ಕಾನೂನು ಮಾಡಿದಷ್ಟರ ಮಟ್ಟಿಗೆ ಕೇಂದ್ರದ ವಿಷಯ. ವಿದ್ಯುತ್ತು ಉಭಯರಿಗೂ ಸೇರಿದ್ದು. ಕಾಡು ಮೊದಲು ರಾಜ್ಯದ್ದಾಗಿದ್ದು 1976ರ 42ನೆಯ ತಿದ್ದುಪಡಿಯಿಂದ ಉಭಯರ ಪಾಲಾಯಿತು. ಹೀಗಾಗಿ ಒಂದು ಜಲವಿದ್ಯುತ್ ಯೋಜನೆಗೆ ಒಂದು ಬಾಗಿಲಲ್ಲ, ಹಲವು ಬಾಗಿಲುಗಳಿವೆ. 2003ರ ವಿದ್ಯುಚ್ಛಕ್ತಿ ಕಾನೂನು ಉತ್ಪಾದನೆಗೆ ಪರವಾನಗಿಯೇ ಬೇಡವೆಂದು ಹೇಳಿತು. ಆದರೂ ಜಲವಿದ್ಯುತ್ತನ್ನು ಮಾತ್ರ ಪ್ರತ್ಯೇಕಿಸಿ, ಕೇಂದ್ರ ಸರಕಾರ ಗೊತ್ತುಮಾಡಿದ ಮೊತ್ತಕ್ಕಿಂತ ಹೆಚ್ಚು ವೆಚ್ಚದ ಯೋಜನೆಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮ್ಮತಿ ಬೇಕೆಂದು ವಿಧಿಸಿತು. ಕಾರಣವನ್ನು ಆ ಕಾನೂನಿನ 8ನೆಯ ಕಲಮಿನಲ್ಲಿಯೇ ಕಾಣಬಹುದು: ಈ ಕಟ್ಟೆಯಿಂದ ನದಿಯ ಅತ್ಯುತ್ತಮವಾದ ಉಪಯೋಗಕ್ಕೆ ಮುಂದೆ ಧಕ್ಕೆಯಾದೀತೋ ಎಂಬುದನ್ನೂ, ಕಟ್ಟೆ ಭದ್ರವಾಗಿದೆಯೋ ಎಂಬುದನ್ನೂ ಪ್ರಾಧಿಕಾರವು ನೋಡತಕ್ಕದ್ದು. ಕಲ್ಲಿದ್ದಲನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಹುದು. ಹೊಳೆಯನ್ನು ಹಾಗೆ ಸಾಗಿಸಲಾಗದು. ಒಮ್ಮೆ ಕೆಟ್ಟ ಹೊಳೆಗೆ ಬದಲು ಹೊಳೆಯಿಲ್ಲ.

ಎರಡನೆಯ ಬಾಗಿಲು ಕಾಡಿನದು. 1980ರ ಅರಣ್ಯ ಸಂರಕ್ಷಣಾ ಕಾನೂನಿನಂತೆ ಕಾಡಿನ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕು. ಮೂರನೆಯದು ಪರಿಸರದ್ದು. 1986ರ ಪರಿಸರ ಸಂರಕ್ಷಣಾ ಕಾನೂನಿನ ಅಡಿಯಲ್ಲಿ 1994ರಲ್ಲಿ ಮೊದಲ ಅಧಿಸೂಚನೆ ಹೊರಟಿತು; 2006ರ ಸೆಪ್ಟೆಂಬರ್ 14ರಂದು ಅದರ ಬದಲಿಗೆ ಹೊಸದು ಬಂತು. ಅದರ ಪ್ರಕಾರ 50 ಮೆಗಾವಾಟಿಗೆ ಕಡಿಮೆಯಿಲ್ಲದ ಜಲವಿದ್ಯುತ್ ಯೋಜನೆಗಳ ಅರ್ಜಿ ದಿಲ್ಲಿಗೆ ಹೋಗುತ್ತದೆ. 25ರಿಂದ 50ರ ಒಳಗಿನವು ರಾಜ್ಯದ ಪ್ರಾಧಿಕಾರಕ್ಕೆ ಹೋಗುತ್ತವೆ. ಯಾವ ಯಾವ ವಿಷಯಗಳ ಅಧ್ಯಯನ ನಡೆಯಬೇಕೆಂದು ಮೊದಲು ತಜ್ಞರು ಗೊತ್ತುಮಾಡುತ್ತಾರೆ. ಅನಂತರ ವರದಿ ಸಿದ್ಧವಾಗುತ್ತದೆ. ಆಮೇಲೆ ಜನರ ಅಹವಾಲನ್ನು ಕೇಳುವ ಸಾರ್ವಜನಿಕ ಸಭೆ. ಕಟ್ಟಕಡೆಗೆ ತಜ್ಞರ ಸಮಿತಿಯ ತೂಕ. ಕಾಗದದ ಮೇಲೆ ಈ ಕ್ರಮ ಸೊಗಸಾಗಿಯೇ ಇದೆ. ಕಾಗದದಿಂದ ಕೆಳಗಿಳಿದಾಗ ಏನಾಗುತ್ತದೆಂಬುದೇ ನಮ್ಮ ಚಿಂತೆ.

ಅಪ್ಪಣೆಯೆಂಬುದು ನಮಗೆ ಹೊಸದಲ್ಲ, ಮಹನೀಯರೇ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರಿನವರು ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮದರಾಸಿನ ಸಮ್ಮತಿಯನ್ನು ಮೊದಲೇ ಪಡೆಯತಕ್ಕದ್ದೆಂದಾಯಿತು. ಆ ಪಟ್ಟಿಯಲ್ಲಿ ಕಾವೇರಿಯೂ ಇತ್ತು, ಹೇಮಾವತಿಯೂ ಇತ್ತು. 1924ರ ಫೆಬ್ರವರಿ 18ರ ಒಪ್ಪಂದ ಅದನ್ನು ಮುಂದುವರಿಸಿತು. ಆ ಎರಡು ಒಪ್ಪಂದಗಳೂ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟವು. ಹೇಮಾವತಿಯ ದಂಡೆಯ ಒಕ್ಕಲಿಗನಿಗೆ ತನ್ನ ಹೊಳೆಯ ಹೆಸರು ಅಂಥದೊಂದು ಪಟ್ಟಿಯಲ್ಲಿದೆಯೆಂದು ತಿಳಿಸಿದವರು ಯಾರು? ಯಾರೂ ಇಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಯನ್ನು ಸೇರಿತು. ಅದು ನಮ್ಮ ನಾಡಿನ ಹೆಮ್ಮೆಯೇ ಸರಿ. ಶೇಷಾದ್ರಿ ಅಯ್ಯರವರ ದೂರದೃಷ್ಟಿಯನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಬಂದದ್ದು ದಶಕಗಳಾದ ಮೇಲೆ. ಹೊಳೆ ಊರಿನದು, ಬೆಳಕು ದೂರದವರದು ಎಂಬ ಈ ಕ್ರಮ ಅಂದಿನಿಂದಲೇ ಬಂದದ್ದು.

ಇನ್ನು ನಿಮ್ಮ ಹೇಮಾವತಿಯ ಕಥೆಯನ್ನೇ ನೋಡಿರಿ. ಗೊರೂರಿನ ಅಣೆಕಟ್ಟು ವಿದ್ಯುತ್ತಿಗಾಗಿ ಅಲ್ಲ, ನೀರಾವರಿಗಾಗಿ ಕಟ್ಟಿದ್ದು. ಆದರೂ ಅಪ್ಪಣೆಯ ವಿಷಯದಲ್ಲಿ ಅದರಿಂದ ಕಲಿಯತಕ್ಕ ಪಾಠ ದೊಡ್ಡದು. ತಮಿಳುನಾಡಿನ ಆಕ್ಷೇಪಣೆಯಿಂದಾಗಿ ದಿಲ್ಲಿಯ ಅನುಮತಿ ದೊರೆಯಲಿಲ್ಲ. ಕೇಂದ್ರದ ಸಹಾಯವನ್ನು ಕಾಯದೆ ನಮ್ಮ ರಾಜ್ಯವು ತನ್ನ ಸ್ವಂತ ಬೊಕ್ಕಸದ ಹಣದಿಂದಲೇ ಕಟ್ಟೆಯನ್ನು ಕಟ್ಟಿತು. 1979ರಲ್ಲಿ ಅದು ಮುಗಿಯಿತು. 37.1 ಟಿ.ಎಂ.ಸಿ. ನೀರನ್ನು ಹಿಡಿಯುವ ಆ ಜಲಾಶಯದಿಂದ ತುಮಕೂರಿನ ವರೆಗೆ ಕಾಲುವೆ ಹರಿಯಿತು. ಅದರಿಂದಾದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಆ ಕಾಮಗಾರಿ ನಡೆದಾಗ ಪರಿಸರದ ವಿಮರ್ಶೆಯೆಂಬ ಕಾನೂನೇ ಈ ದೇಶದಲ್ಲಿರಲಿಲ್ಲ. ಮುಳುಗತಕ್ಕ ಊರಿನವರನ್ನು ಕೂರಿಸಿ ಅಹವಾಲು ಕೇಳಬೇಕೆಂಬ ವಿಧಿಯೂ ಇರಲಿಲ್ಲ. ಇಂದಿಗೂ ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಇಗರ್ಜಿಯ ಮೊಂಡುಗೋಡೆಗಳು ಮೇಲೆದ್ದು ನಿಲ್ಲುತ್ತವೆ. ದೂರದ ಊರಿನವರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಊರನ್ನು ಬಿಟ್ಟು ಹೋದವರ ಮಕ್ಕಳು ಅದನ್ನು ಚಿತ್ರವೆಂದು ನೋಡಲಾರರು. ಎರಡು ಸರಕಾರಗಳು ಅಪ್ಪಣೆಯ ವಿಷಯದಲ್ಲಿ ವಾದಿಸಿಕೊಂಡುವು. ಮನೆ ಕಳೆದುಕೊಂಡವನು ಆ ವಾದದಲ್ಲಿ ಎಲ್ಲಿಯೂ ಪಕ್ಷಗಾರನಾಗಿರಲಿಲ್ಲ. ಇದು ಪಾಠ.

ಈ ಪಾಠವನ್ನು ನೆನಪಿನಲ್ಲಿಟ್ಟು ಬೆಟ್ಟದ ಪಡುಮಗ್ಗುಲಿಗೆ ಹೋಗೋಣ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿ ಈ ತೊರೆಗಳ ನೀರನ್ನು ಕೂಡಿಸಿ, ಸುರಂಗಗಳಲ್ಲಿ ಹಾಯಿಸಿ, 200 ಮೆಗಾವಾಟು ವಿದ್ಯುತ್ತನ್ನು ತೆಗೆಯಬೇಕೆಂದು ಕರ್ನಾಟಕ ವಿದ್ಯುತ್ ನಿಗಮವು ಗುಂಡ್ಯ ಯೋಜನೆಯನ್ನು ಮುಂದಿಟ್ಟಿತು. ದಟ್ಟವಾದ ಮಳೆಕಾಡಿನ ಪ್ರದೇಶವದು. ಸಿಂಗಳೀಕ ಅಲ್ಲಿದೆ, ಆನೆ ಅಲ್ಲಿದೆ. ಗುಂಡ್ಯದ ಹೆಸರನ್ನೇ ಹೊತ್ತ ಒಂದು ಜಾತಿಯ ಕಪ್ಪೆಯನ್ನು 1986ರಲ್ಲಿ ವಿಜ್ಞಾನಿಗಳು ವರ್ಣಿಸಿದರು. ಕಪ್ಪೆಗಾಗಿ ಕರೆಂಟು ಬಿಡಬೇಕೇ ಎಂದು ನಗುವವರುಂಟು. ಅವರಿಗೆ ನಮ್ಮ ಉತ್ತರವಿಷ್ಟೇ: ಕಪ್ಪೆ ಇರುವೆಡೆ ತೊರೆ ಬತ್ತಿಲ್ಲವೆಂದರ್ಥ. ಆನೆಯ ವಿಷಯವನ್ನು ಆಲೂರು, ಸಕಲೇಶಪುರ, ಅರಕಲಗೂಡುಗಳ ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಾಡಿನ ಹಾದಿ ತುಂಡಾದಾಗಲೆಲ್ಲ ಅದು ಯಾರ ಭತ್ತದ ಗದ್ದೆಗೆ ಇಳಿಯುತ್ತದೆಂದು ನೀವೇ ಬಲ್ಲಿರಿ.

ಈ ಯೋಜನೆಯ ವಿಷಯದಲ್ಲಿ ಅಪ್ಪಣೆಯ ಯಂತ್ರ ಸ್ವಲ್ಪ ಮಟ್ಟಿಗೆ ತನ್ನ ಕೆಲಸವನ್ನು ಮಾಡಿತೆಂದು ಒಪ್ಪಿಕೊಳ್ಳುವುದು ನ್ಯಾಯ. ಮಾಧವ ಗಾಡಗೀಳರ ಅಧ್ಯಕ್ಷತೆಯಲ್ಲಿ ಕೇಂದ್ರವು ನೇಮಿಸಿದ ಪಶ್ಚಿಮಘಟ್ಟಗಳ ತಜ್ಞ ಸಮಿತಿಗೆ, ಕೇರಳದ ಅದಿರಪಳ್ಳಿಯ ಜೊತೆಗೆ ಗುಂಡ್ಯವನ್ನೂ ವಿಶೇಷವಾಗಿ ಪರಿಶೀಲಿಸಿ ಹೇಳಬೇಕೆಂದು ಒಪ್ಪಿಸಲಾಯಿತು. 2011ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆ ಸಮಿತಿಯು ಜೀವಸಂಪತ್ತಿನ ನಷ್ಟವನ್ನು ಲೆಕ್ಕಿಸಿ ಗುಂಡ್ಯ ಯೋಜನೆ ಕೂಡದೆಂದು ಅಭಿಪ್ರಾಯಪಟ್ಟಿತು. 2013ರ ಏಪ್ರಿಲಿನಲ್ಲಿ ವರದಿಯೊಪ್ಪಿಸಿದ ಕಸ್ತೂರಿರಂಗನ್ ಸಮಿತಿಯು ಅಷ್ಟು ಕಠಿಣವಾಗಿ ನುಡಿಯಲಿಲ್ಲ. ಆದರೂ ಕಾಮಗಾರಿಯಿಂದಾಗುವ ಹಾನಿಯನ್ನು ಯೋಜನೆಯ ಪ್ರಯೋಜನದೊಡನೆ ಮತ್ತೆ ತೂಗಿನೋಡುವ ವರೆಗೆ ಅನುಮತಿ ಸಲ್ಲದೆಂದು ಹೇಳಿತು. ಆ ಸಮಿತಿ ಇನ್ನೂ ಮೂರು ಒಳ್ಳೆಯ ಮಾತುಗಳನ್ನು ಹೇಳಿತು. ಕಟ್ಟೆ ಕಟ್ಟಿದರೂ ಬೇಸಗೆಯ ಹರಿವಿನಲ್ಲಿ ನೂರಕ್ಕೆ 30 ಪಾಲಾದರೂ ಹೊಳೆಯಲ್ಲಿಯೇ ಹರಿಯುತ್ತಿರಬೇಕು. ಒಂದು ಯೋಜನೆಗೂ ಮತ್ತೊಂದಕ್ಕೂ ನಡುವೆ ಕಡಿಮೆಯೆಂದರೆ 3 ಕಿಲೋಮೀಟರು ದೂರವಿರಬೇಕು. ನದಿಯ ಜಲಾನಯನ ಪ್ರದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಎಂದಿಗೂ ಯೋಜನೆಗಳ ಬಾಧೆಗೆ ಒಳಗಾಗಕೂಡದು. ಹೊಳೆಯನ್ನು ಇಡಿಯಾಗಿ ನೋಡುವ ಕಣ್ಣು ಇಲ್ಲಿ ಸ್ವಲ್ಪ ತೆರೆಯಿತು. ಗುಂಡ್ಯದ ಯೋಜನೆ ಇಂದಿಗೂ ಕಟ್ಟಲ್ಪಟ್ಟಿಲ್ಲ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ನೀವು ತಿಳಿಯಬಹುದು. ಅಲ್ಲ! ಅದೇ ಎತ್ತಿನಹೊಳೆ, ಅದೇ ಕೇರಿಹೊಳೆ, ಅದೇ ಹೊಂಗಡಹಳ್ಳ, ಜೊತೆಗೆ ಕಾಡುಮನೆಹೊಳೆ, ಇವುಗಳ ಮೇಲೆ ಎಂಟು ಒಡ್ಡುಗಳನ್ನು ಕಟ್ಟಿ 24.01 ಟಿ.ಎಂ.ಸಿ. ನೀರನ್ನು ಮೂಡಲ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ರಾಜ್ಯವು ಮಂಜೂರಾತಿ ಕೊಟ್ಟಿತು. ಅದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಇದಕ್ಕೆ ಪರಿಸರ ವಿಮರ್ಶೆಯಾಗಲಿ ಜನರ ಅಹವಾಲು ಸಭೆಯಾಗಲಿ ಬೇಕಾಗಲಿಲ್ಲ. ಅದೇಕೆಂದರೆ 2006ರ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ತಿದೆ, ನೀರಾವರಿಯಿದೆ, ಕುಡಿಯುವ ನೀರಿಲ್ಲ! 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಯೋಜನೆಯ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿತು. ನಾವು ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆಯನ್ನು ಹಗುರವಾಗಿ ಕಾಣುವವರಲ್ಲ. ಅವರೂ ನಮ್ಮವರೇ, ಅವರ ಬಾವಿ ಬತ್ತಿದರೆ ನಮ್ಮ ಗಂಟಲೂ ಒಣಗಬೇಕು. ಆದರೆ ಯೋಚಿಸಿ ನೋಡಿರಿ: ತೊರೆ ಅದೇ, ಕಾಡು ಅದೇ, ಮೀನು ಅದೇ, ಕೆಳಗಿನ ಊರುಗಳೂ ಅವೇ. ನೀರಿಗೆ ವಿದ್ಯುತ್ತೆಂಬ ಹೆಸರಿಟ್ಟರೆ ವರ್ಷಗಟ್ಟಲೆ ವಿಚಾರಣೆ. ಕುಡಿಯುವ ನೀರೆಂಬ ಹೆಸರಿಟ್ಟರೆ ವಿಚಾರಣೆಯೇ ಇಲ್ಲ. ಹೊಳೆಗೆ ಕನ್ನಡವೂ ತಿಳಿಯದು, ಅಧಿಸೂಚನೆಯ ಇಂಗ್ಲಿಷೂ ತಿಳಿಯದು. ತನ್ನಿಂದ ತೆಗೆದ ನೀರಿಗೆ ಯಾವ ಹೆಸರನ್ನಿಟ್ಟರೆಂಬುದರಿಂದ ಅದರ ಗಾಯ ಕಡಿಮೆಯಾಗುವುದಿಲ್ಲ. ವಿಮರ್ಶೆಯು ನೀರಿನ ಹೆಸರನ್ನು ನೋಡಿ ಆಗತಕ್ಕದ್ದಲ್ಲ, ಹೊಳೆಯ ಮೇಲಾಗುವ ಕೆಲಸವನ್ನು ನೋಡಿ ಆಗತಕ್ಕದ್ದು.

ಇನ್ನೊಂದು ಕಿಂಡಿಯನ್ನು ನೋಡಿರಿ. 25 ಮೆಗಾವಾಟಿಗಿಂತ ಕಡಿಮೆಯಾದ ಜಲವಿದ್ಯುತ್ ಯೋಜನೆಗೆ ಆ ಅಧಿಸೂಚನೆಯ ಪರಿಸರ ವಿಮರ್ಶೆ ಬೇಡ. ಚಿಕ್ಕದು ನಿರಪಾಯವೆಂಬ ನಂಬಿಕೆ ಇದರ ಹಿಂದಿದೆ. ಒಂದು ಚಿಕ್ಕ ಯೋಜನೆ ಇರಬಹುದು ನಿರಪಾಯ. ಆದರೆ ಒಂದೇ ತೊರೆಯ ಮೇಲೆ ಒಂದರ ಕೆಳಗೊಂದು ಹತ್ತು ಬಂದರೆ? ಪ್ರತಿಯೊಂದಕ್ಕೂ ಹಾದಿ ಕಡಿಯಬೇಕು, ಕೊಳವೆ ಇಡಬೇಕು, ಕಂಬ ನೆಡಬೇಕು; ಒಡ್ಡಿನಿಂದ ವಿದ್ಯುತ್ ಮನೆಯ ವರೆಗೆ ತೊರೆಯ ಪಾತ್ರ ಬೇಸಗೆಯಲ್ಲಿ ಬರಿದಾಗಬೇಕು. ಒಬ್ಬೊಬ್ಬರು ಒಂದೊಂದು ಚೊಂಬು ಮೊಗೆದರೂ ಹಂಡೆ ಬರಿದಾಗುತ್ತದಲ್ಲವೇ? ಇದಕ್ಕಾಗಿಯೇ ನಾವು ಹೇಳುವುದು: ಅರ್ಜಿಯನ್ನು ಒಂದೊಂದಾಗಿ ನೋಡುವುದರ ಜೊತೆಗೆ ಹೊಳೆಯನ್ನು ಒಟ್ಟಾಗಿ ನೋಡಿರಿ. ಮೇಲಿನ ಒಡ್ಡು, ಕೆಳಗಿನ ಕಟ್ಟೆ, ಪಕ್ಕದ ಕಾಲುವೆ, ಮುಂದೆ ಬರತಕ್ಕ ಸುರಂಗ, ಎಲ್ಲವನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ.

ಈಗ ಭಾಷೆಯ ವಿಷಯ. ನಮ್ಮ ಭಾಷಣದ ಮುಖ್ಯ ಮಾತಿದು. 2006ರ ಅಧಿಸೂಚನೆ ಅಹವಾಲು ಸಭೆಗೆ ಒಳ್ಳೆಯ ನಿಯಮಗಳನ್ನೇ ಹಾಕಿದೆ. ಸಭೆಗೆ 30 ದಿನಗಳಾದರೂ ಮುಂಚಿತವಾಗಿ ಪತ್ರಿಕೆಗಳಲ್ಲಿ ತಿಳಿಸಬೇಕು. ಜಿಲ್ಲಾಧಿಕಾರಿಯಾಗಲಿ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯಾಗಲಿ ಅಧ್ಯಕ್ಷತೆ ವಹಿಸಬೇಕು. ಬಂದವರೆಲ್ಲರಿಗೂ ಮಾತನಾಡುವ, ವಿವರಣೆ ಕೇಳುವ ಹಕ್ಕಿದೆ. ನಡೆದದ್ದನ್ನು ಚಿತ್ರಿಸಿಕೊಳ್ಳಬೇಕು. ಸಭೆಯ ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿಯೇ ಓದಿ ವಿವರಿಸಿ ಹೇಳಬೇಕು. ಈ ಕಡೆಯ ನಿಯಮವನ್ನು ಚೆನ್ನಾಗಿ ನೆನಪಿಡಿರಿ. ಓದದೆ ಎದ್ದುಹೋಗುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕನ್ನಡದಲ್ಲಿ ಕೊಡಬೇಕಾದದ್ದು ವರದಿಯ ಸಾರಾಂಶ ಮಾತ್ರ. ಪೂರ್ಣ ವರದಿ ಇಂಗ್ಲಿಷಿನಲ್ಲಿಯೇ ಉಳಿಯಬಹುದು. ಯಾವ ಸರ್ವೆ ನಂಬರು ಮುಳುಗುತ್ತದೆ, ಯಾವ ತೊರೆಯಲ್ಲಿ ಯಾವ ತಿಂಗಳು ಎಷ್ಟು ನೀರು ಬಿಡುತ್ತಾರೆ, ಸುರಂಗದ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಬಂಡೆ ಸಿಡಿಸಿದರೆ ಯಾರ ಬಾವಿಗೆ ಪೆಟ್ಟು, ಇವೆಲ್ಲ ಸಾರಾಂಶದಲ್ಲಿ ಇರುವ ಸಂಗತಿಗಳಲ್ಲ. ಒಳಗಿನ ಪುಟಗಳಲ್ಲಿ, ಕೋಷ್ಟಕಗಳಲ್ಲಿ ಇರುವ ಸಂಗತಿಗಳು. ಮದುವೆಯ ಮಮತೆಯ ಕರೆಯೋಲೆಯನ್ನು ಕನ್ನಡದಲ್ಲಿ ಕೊಟ್ಟು, ಆಸ್ತಿಯ ಪತ್ರವನ್ನು ಪರಭಾಷೆಯಲ್ಲಿ ಬರೆದಿಟ್ಟಂತಾಯಿತು ಇದು.

ತೊರೆಯ ದಂಡೆಯ ಒಬ್ಬ ರೈತನನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅವನು ನಲವತ್ತು ವರ್ಷ ಆ ತೊರೆಯನ್ನು ನೋಡಿದವನು. ಯಾವ ಮಳೆಗೆ ಎಷ್ಟು ಏರುತ್ತದೆ, ಯಾವ ತಿಂಗಳಲ್ಲಿ ಕಾಲು ನೆನೆಯದೆ ದಾಟಬಹುದು, ಮೀನು ಎಲ್ಲಿ ಮೊಟ್ಟೆಯಿಡುತ್ತದೆ, ಇದೆಲ್ಲ ಅವನಿಗೆ ಅಂಗೈಯ ಗೆರೆಯಂತೆ ಗೊತ್ತು. ವರದಿಯಲ್ಲಿ ತೊರೆಯ ಹರಿವನ್ನು ತಪ್ಪಾಗಿ ಬರೆದಿದ್ದರೆ ಅದನ್ನು ತೋರಿಸಿಕೊಡಬಲ್ಲವನು ಅವನೇ. ಆದರೆ ಆ ಪುಟವನ್ನು ಅವನು ಓದಲಾರ. ಓದಲಾರದವನು ಸಭೆಯಲ್ಲಿ ಎದ್ದುನಿಂತು ಏನು ಹೇಳಿಯಾನು? “ನಮ್ಮ ಹೊಲ ಹೋಗುತ್ತದೆ ಸ್ವಾಮಿ, ನಮಗೆ ಯೋಜನೆ ಬೇಡ” ಎಂದು ಹೇಳಿಯಾನು. ಅದನ್ನು ಭಾವಾವೇಶವೆಂದು ಬರೆದುಕೊಂಡು, ಪರಿಹಾರ ಕೊಡಲಾಗುವುದೆಂಬ ಒಂದು ವಾಕ್ಯದಿಂದ ಮುಚ್ಚಿಬಿಡುವುದು ಸುಲಭ. ಅದೇ ರೈತನು, “ಇಂಥ ಪುಟದಲ್ಲಿ ಫೆಬ್ರವರಿಯ ಹರಿವನ್ನು ಇಷ್ಟೆಂದು ಬರೆದಿರುವಿರಿ, ಫೆಬ್ರವರಿಯಲ್ಲಿ ನಮ್ಮ ತೊರೆಯಲ್ಲಿ ಅಷ್ಟು ನೀರು ಎಂದೂ ಇರುವುದಿಲ್ಲ” ಎಂದು ಹೇಳಿದರೆ? ಆಗ ದಿಲ್ಲಿಯ ತಜ್ಞನೂ ಕೈಯೆತ್ತಿ ಕನ್ನಡಕವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ವರದಿ ಬೇಕೆಂದು ನಾವು ಕೇಳುವುದು ಭಾಷೆಯ ಅಲಂಕಾರಕ್ಕಲ್ಲ. ಅದಿಲ್ಲದೆ ಸತ್ಯವೇ ಹೊರಬೀಳದು.

ಈ ಹೋರಾಟ ನಮ್ಮ ಕಣ್ಣೆದುರಿಗೇ ಒಮ್ಮೆ ನಡೆದಿದೆ. 2020ರಲ್ಲಿ ಕೇಂದ್ರವು ಹಳೆಯ ಅಧಿಸೂಚನೆಯ ಬದಲಿಗೆ ಹೊಸದೊಂದರ ಕರಡನ್ನು ಹೊರಡಿಸಿ ದೇಶದ ಜನರ ಅಭಿಪ್ರಾಯ ಕೇಳಿತು. ಕೇಳಿದ್ದು ಇಂಗ್ಲಿಷು, ಹಿಂದಿಗಳಲ್ಲಿ. ಆ ವರ್ಷದ ಜೂನ್ 30ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಎಲ್ಲ ಭಾಷೆಗಳಿಗೂ ಕರಡನ್ನು ತರ್ಜುಮೆ ಮಾಡಿಸಬೇಕೆಂದು ವಿಧಿಸಿತು. ಆಗಸ್ಟ್ 5ರಂದು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು, ಸದ್ಯಕ್ಕೆ ಕಡೆಯ ಅಧಿಸೂಚನೆಯನ್ನು ಹೊರಡಿಸಕೂಡದೆಂದು ಕೇಂದ್ರವನ್ನು ತಡೆಯಿತು. ಆ ಕರಡು ಅಂತಿಮ ರೂಪವನ್ನು ತಾಳಲೇ ಇಲ್ಲ. ಇದರಿಂದ ನಾವು ಕಲಿಯಬೇಕಾದದ್ದೇನು? ಕನ್ನಡದಲ್ಲಿ ಕೊಡಿರೆಂದು ಕೇಳುವುದು ಹಟವಲ್ಲ, ನ್ಯಾಯಾಲಯಗಳೂ ಒಪ್ಪತಕ್ಕ ನ್ಯಾಯ. ಮೇಲ್ಮನವಿಯ ಸ್ಥಿತಿಯೂ ಇದೇ. ಅನುಮತಿಯಿಂದ ನೊಂದವನು ಹಸಿರು ನ್ಯಾಯಾಧಿಕರಣಕ್ಕೆ 30 ದಿನಗಳೊಳಗೆ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನಗಳು ಸಿಕ್ಕಬಹುದು. ನಮಗೆ ಸಂಬಂಧಿಸಿದ ಪೀಠವಿರುವುದು ಚೆನ್ನೈಯಲ್ಲಿ. ಅಲ್ಲಿಯ ವ್ಯವಹಾರ ಇಂಗ್ಲಿಷಿನಲ್ಲಿ. ಕೊಣನೂರಿನ ಒಕ್ಕಲಿಗನು ಅಷ್ಟು ದೂರ, ಅಷ್ಟು ಬೇಗ, ಪರಭಾಷೆಯ ಪತ್ರಗಳನ್ನು ಹೊತ್ತು ಹೋಗಬೇಕು. ಕನ್ನಡ ನಾಡಿನಲ್ಲಿಯೇ ಆ ಪೀಠದ ಬೈಠಕ್ಕುಗಳು ನಡೆಯಬೇಕೆಂದು ಕೇಳುವುದಕ್ಕೆ ನಾವು ಸಂಕೋಚಪಡಬೇಕೇ?

ಹೊರದೇಶದ ಒಂದು ಕ್ರಮವನ್ನೂ ನಿಮ್ಮ ಗಮನಕ್ಕೆ ತರುತ್ತೇವೆ. ಅಮೆರಿಕದಲ್ಲಿ 1920ರ ಕಾನೂನಿನಂತೆ ಜಲವಿದ್ಯುತ್ ಕಟ್ಟೆಗಳಿಗೆ ಕೇಂದ್ರದ ಪರವಾನಗಿ ಬೇಕು. ಅದರ ಅವಧಿ 50 ವರ್ಷಗಳನ್ನು ಮೀರಕೂಡದು. ಅವಧಿ ಮುಗಿದಾಗ ಒಡೆಯನು ಮತ್ತೆ ಅರ್ಜಿ ಹಾಕಬೇಕು, ಜನರೂ ಮತ್ತೆ ಮಾತನಾಡಬಹುದು. ಮೇನ್ ರಾಜ್ಯದ ಕೆನೆಬೆಕ್ ನದಿಯ ಮೇಲೆ 1837ರಲ್ಲಿ ಕಟ್ಟಿದ ಎಡ್ವರ್ಡ್ಸ್ ಕಟ್ಟೆಗೆ 1997ರಲ್ಲಿ ಹೊಸ ಪರವಾನಗಿಯನ್ನು ನಿರಾಕರಿಸಿದರು; 1999ರ ಜುಲೈ 1ರಂದು ಕಟ್ಟೆಯನ್ನು ಒಡೆದರು; ಕಡಲಿನ ಮೀನುಗಳು ಮತ್ತೆ ಹೊಳೆಯನ್ನೇರಿದುವು. ಕ್ಲಾಮತ್ ನದಿಯ ನಾಲ್ಕು ಕಟ್ಟೆಗಳನ್ನು ತೆಗೆದುಹಾಕುವ ಕೆಲಸ 2024ರಲ್ಲಿ ಮುಗಿಯಿತು. ನಮ್ಮ ಕಟ್ಟೆಗಳನ್ನು ಒಡೆಯಿರೆಂದು ನಾವು ಹೇಳುತ್ತಿಲ್ಲ. ಅವುಗಳ ನೀರಿನಿಂದ ನಮ್ಮ ಅನ್ನ ಬೆಳೆಯುತ್ತಿದೆ. ಆದರೆ ನಮ್ಮಲ್ಲಿ ಪರಿಸರದ ಅನುಮತಿಗೆ ಇರುವ ಅವಧಿ ಕಾಮಗಾರಿಯನ್ನು ಮುಗಿಸುವುದಕ್ಕಷ್ಟೆ; ಮುಗಿದ ಮೇಲೆ ಆ ಕಟ್ಟೆ ಶಾಶ್ವತ. ಐವತ್ತು ವರ್ಷಗಳಿಗೊಮ್ಮೆಯಾದರೂ ಊರನ್ನು ಕೂಡಿಸಿ, ಮಾತು ಕೊಟ್ಟಷ್ಟು ನೀರನ್ನು ಕೆಳಗೆ ಬಿಟ್ಟಿರಾ, ಮುಳುಗಿದವರಿಗೆ ಹೇಳಿದಷ್ಟು ಭೂಮಿ ಕೊಟ್ಟಿರಾ ಎಂದು ಕೇಳುವ ದಿನವೊಂದು ಬೇಡವೇ? ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಬಂದು ಅರುವತ್ತು ವರ್ಷಗಳಾದರೂ, ನಾಡಿಗೆ ಬೆಳಕು ಕೊಟ್ಟ ಆ ಮುಳುಗಡೆಯ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದದ್ದನ್ನು ಯಾರು ಅರಿಯರು? ಅದೇ ಶರಾವತಿಯ ಕಣಿವೆಯಲ್ಲಿ 2000 ಮೆಗಾವಾಟಿನ ಮತ್ತೊಂದು ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ಅಹವಾಲು ಸಭೆಗಳು ನಡೆದುವು. ಹಳೆಯ ಲೆಕ್ಕ ಮುಗಿಯದೆ ಹೊಸ ಲೆಕ್ಕ ತೆರೆಯಿತು.

ನಮ್ಮ ಮಾತನ್ನು ಕೇಳಿ ಕೆಲವರು, “ಇವರು ಅಭಿವೃದ್ಧಿಯ ವೈರಿಗಳು, ದೀಪದ ಕೆಳಗೆ ಕುಳಿತು ದೀಪವನ್ನು ಬೈಯುವವರು” ಎಂದಾರು. ಹಾಗಲ್ಲ. ಪಂಪುಸೆಟ್ಟಿಗೆ ಕರೆಂಟು ಯಾವ ರಾತ್ರಿ ಎಷ್ಟು ಗಂಟೆಗೆ ಬರುವುದೆಂದು ಕಾದು ಕುಳಿತ ರೈತನ ಮುಂದೆ ವಿದ್ಯುತ್ತು ಬೇಡವೆನ್ನುವಷ್ಟು ನಿರ್ದಯರು ನಾವಲ್ಲ. ಆದರೆ ತೂಗಿನೋಡೋಣ. 2025ರ ಬೇಸಗೆಯಲ್ಲಿ ಕರ್ನಾಟಕದ ವಿದ್ಯುತ್ತಿನ ಗರಿಷ್ಠ ಬೇಡಿಕೆ 18,000 ಮೆಗಾವಾಟನ್ನು ಮೀರಿತು. ಗುಂಡ್ಯದ 200 ಮೆಗಾವಾಟು ಅದರಲ್ಲಿ ನೂರಕ್ಕೊಂದು ಪಾಲಿನಷ್ಟು. ಅದೂ ತೊರೆ ತುಂಬಿ ಹರಿವ ಮಳೆಗಾಲದಲ್ಲಿ ಮುಖ್ಯವಾಗಿ ದೊರೆಯತಕ್ಕದ್ದು, ಬೇಡಿಕೆ ಏರುವ ಬೇಸಗೆಯಲ್ಲಲ್ಲ. ಪಾವಗಡದ ಒಣನೆಲದಲ್ಲಿ ಸೂರ್ಯನಿಂದಲೇ 2050 ಮೆಗಾವಾಟನ್ನು ತೆಗೆಯುತ್ತಿದ್ದೇವೆ. ಸೂರ್ಯನ ವಿದ್ಯುತ್ತು ರಾತ್ರಿ ಸಿಕ್ಕದು, ಆಗ ನೀರಿನದು ಬೇಕೆಂಬ ಮಾತೂ ನಿಜ. ಆದುದರಿಂದಲೇ ತೂಗಬೇಕು. ತೂಗುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಮೆಗಾವಾಟನ್ನಿಟ್ಟು ಇನ್ನೊಂದನ್ನು ಬಟ್ಟೆಯಿಂದ ಮುಚ್ಚಕೂಡದು. ಸರಿಯಾಗಿ ತೂಗಿ, ಜನರಿಗೆ ತೋರಿಸಿ, ಬೇಕೆಂದು ತೀರ್ಮಾನವಾದರೆ ಕಟ್ಟಿರಿ, ಬೇಡವೆಂದಾದರೆ ಬಿಡಿರಿ. ಸಕಾಲದಲ್ಲಿ ಪಡೆದ ಜನರ ಸಮ್ಮತಿ ಕೋರ್ಟಿನ ತಡೆಯಾಜ್ಞೆಗಿಂತ ಅಗ್ಗವೆಂಬುದನ್ನು ಕಟ್ಟುವವರೂ ನೆನಪಿಡಲಿ.

ಇನ್ನೊಂದು ಆಕ್ಷೇಪವುಂಟು. ದಿಲ್ಲಿಗೆ ಈ ಅಧಿಕಾರವೇಕೆ, ನಮ್ಮ ಹೊಳೆ ನಮ್ಮದಲ್ಲವೇ ಎಂದು ಅಭಿಮಾನಿಗಳು ಕೇಳುತ್ತಾರೆ. ನಮ್ಮ ನಾಡಿನ ಅಭಿಮಾನ ನಮಗೂ ಕಡಿಮೆಯಿಲ್ಲ. ಆದರೆ ಅಧಿಕಾರ ದಿಲ್ಲಿಯಿಂದ ಬೆಂಗಳೂರಿಗೆ ಬಂದ ಮಾತ್ರಕ್ಕೆ ಹೊಂಗಡಹಳ್ಳಕ್ಕೆ ಬಂದಂತಾಗುವುದಿಲ್ಲ. ಪಶ್ಚಿಮಘಟ್ಟದ ಸೂಕ್ಷ್ಮಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರ ವರೆಗೆ ಆರು ಬಾರಿ ಹೊರಟಿತು; ಕರ್ನಾಟಕದಲ್ಲಿ ಅದರ ವ್ಯಾಪ್ತಿ 20,668 ಚದರ ಕಿಲೋಮೀಟರು. ನಮ್ಮ ಸಚಿವ ಸಂಪುಟವು 2024ರಲ್ಲಿ ಅದನ್ನು ತಿರಸ್ಕರಿಸಿತು. ದಿಲ್ಲಿ ಒತ್ತಾಯಪಡಿಸಿತು, ಬೆಂಗಳೂರು ಬೇಡವೆಂದಿತು. ನಡುವೆ ಮಲೆನಾಡಿನ ರೈತನು, ತನ್ನ ಕಾಫಿಯ ತೋಟಕ್ಕೆ ಏನಾಗುವುದೋ ಎಂಬ ಭೀತಿಯಿಂದ ಗಾಳಿಸುದ್ದಿಗಳನ್ನು ನಂಬಿ ಕುಳಿತನು. ಆ ವರದಿಗಳನ್ನು ಆರಂಭದಲ್ಲಿಯೇ ತಿಳಿಗನ್ನಡದಲ್ಲಿ ಹಳ್ಳಿಹಳ್ಳಿಗೂ ಓದಿಸಿದ್ದರೆ ಬೇಕೆನ್ನುವವರೂ ಬೇಡವೆನ್ನುವವರೂ ತಿಳಿದು ಮಾತನಾಡುತ್ತಿದ್ದರು. ಭಾಷೆಯನ್ನು ಅಲಕ್ಷ್ಯ ಮಾಡಿದ್ದರ ಫಲ ಕಾಡಿಗೂ ಕೆಟ್ಟದಾಯಿತು, ರೈತನಿಗೂ ಕೆಟ್ಟದಾಯಿತು.

ಹೀಗಿರಲು ನಾವು ಮಾಡತಕ್ಕದ್ದೇನು? ಸರಕಾರಗಳನ್ನು ನಾವು ನಾಲ್ಕು ಮಾತು ಕೇಳುತ್ತೇವೆ. ಮೊದಲನೆಯದು, ಪೂರ್ಣ ವರದಿ, ನಕ್ಷೆ ಕೋಷ್ಟಕಗಳ ಸಹಿತ, ಕನ್ನಡದಲ್ಲಿ ಅಚ್ಚಾಗಿ ಸಭೆಗೆ ಮುಂಚೆಯೇ ಪ್ರತಿಯೊಂದು ಗ್ರಾಮ ಪಂಚಾಯತಿಯನ್ನೂ ಮುಟ್ಟಬೇಕು. ಎರಡನೆಯದು, ನೀರಿಗೆ ಯಾವ ಹೆಸರೇ ಇರಲಿ, ಮೆಗಾವಾಟು ಎಷ್ಟೇ ಇರಲಿ, ಒಂದು ಹೊಳೆಯ ಮೇಲಿನ ಎಲ್ಲ ಕಟ್ಟೆಗಳ ಒಟ್ಟು ಪರಿಣಾಮವನ್ನು ಲೆಕ್ಕ ಹಾಕಬೇಕು. ಮೂರನೆಯದು, ಅನುಮತಿಗೆ ಅವಧಿಯಿರಬೇಕು. ಅವಧಿ ತೀರಿದಾಗ ಮರುವಿಚಾರಣೆಯಾಗಬೇಕು. ನಾಲ್ಕನೆಯದು, ಅಹವಾಲನ್ನೂ ಮೇಲ್ಮನವಿಯನ್ನೂ ಕನ್ನಡದಲ್ಲಿ, ಕನ್ನಡ ನಾಡಿನಲ್ಲಿಯೇ ಕೇಳಬೇಕು.

ಆದರೆ ಕೇಳುವುದು ಅರ್ಧ ಕೆಲಸ. ಉಳಿದರ್ಧ ನಿಮ್ಮದು. ಸಭೆ ಇದೆಯೆಂದು ಪತ್ರಿಕೆಯಲ್ಲಿ ಬಂದ ದಿನವೇ ಅದನ್ನು ಕತ್ತರಿಸಿ ಊರ ಕಟ್ಟೆಯ ಮೇಲೆ ಓದಿಸಿರಿ. ಇಂಗ್ಲಿಷು ಬಲ್ಲ ನಿಮ್ಮ ಮಕ್ಕಳು ಹಾಸನದಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದಾರೆ. ಅವರನ್ನು ಕರೆಸಿ, ವರದಿಯ ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರಿಗೆ ಹಂಚಿ ಕನ್ನಡಕ್ಕೆ ತಿರುಗಿಸಿರಿ. ಅವರ ವಿದ್ಯೆಗೆ ಇದಕ್ಕಿಂತ ಸಾರ್ಥಕವಾದ ಕೆಲಸವಿಲ್ಲ. ನಿಮ್ಮ ಹೊಳೆಯ ಏರಿಳಿತವನ್ನು ಒಂದು ಪುಸ್ತಕದಲ್ಲಿ ತಿಂಗಳು ತಿಂಗಳಿಗೆ ಬರೆದಿಡಿರಿ. ಸಭೆಯಲ್ಲಿ ಕೂಗಾಡದೆ, ಪುಟದ ಸಂಖ್ಯೆ ಹೇಳಿ ಪ್ರಶ್ನೆ ಕೇಳಿರಿ. ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಗೆ ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳುವ ವರೆಗೆ ಒಬ್ಬರೂ ಜಾಗ ಬಿಟ್ಟು ಏಳಬೇಡಿರಿ.

ಸೋದರರೇ, ಬಿಸಿಲೆಯ ಆ ಕಲ್ಲು ಮಳೆಯನ್ನು ಎರಡಾಗಿ ಒಡೆಯುತ್ತದೆ, ನಾಡನ್ನು ಒಡೆಯುವುದಿಲ್ಲ. ಪಡುವಲ ತೊರೆಗೆ ಇಂದು ಆದದ್ದು ಮೂಡಲ ತೊರೆಗೆ ನಾಳೆ ಆಗಬಹುದು. ಗುಂಡ್ಯದವರ ಸಭೆಗೆ ಅರಕಲಗೂಡಿನವರು, ಅರಕಲಗೂಡಿನವರ ಸಭೆಗೆ ಕಡಲ ಕರೆಯವರು ಹೋಗಿ ಕೂರುವ ದಿನ ಬಂದರೆ, ಗಡಿ ಅಳಿಸಿ ಒಂದಾದ ನಾಡಿಗೆ ನಿಜವಾದ ಅರ್ಥ ಬಂದೀತು. ಹೊಳೆಯ ಅಪ್ಪಣೆಯನ್ನು ಯಾರಾದರೂ ಕೊಡಲಿ. ಅದು ದಂಡೆಯವನಿಗೆ ಅರ್ಥವಾಗುವ ಮಾತಿನಲ್ಲಿ, ಅವನ ಕಿವಿಗೆ ಬಿದ್ದ ಮೇಲೆ, ಅವನ ಮಾತು ಕೇಳಿದ ಮೇಲೆ ಕೊಟ್ಟದ್ದಾಗಲಿ.